ಸಿದೇಕನ ಜೇಡ, ಒಂದು ಬಾಣಲೆ ದೊಡೋಲ್

ರಾಯಾ ಹಬ್ಬಕ್ಕೆ ಇನ್ನೊಂದೇ ದಿನ. ಸಿದೇಕನ ಬಲಗೈ ಮಾತ್ರ ಈಗಲೇ ರಾಜೀನಾಮೆ ಕೊಟ್ಟ ಹಾಗೆ ಜೋತು ಬಿದ್ದಿತ್ತು. ರಂಜಾನ್ ಉಪವಾಸದ ಕೊನೆಯ ವಾರದಲ್ಲಿ ಮುವಾರ್ ಹೊಳೆದಂಡೆಯ ಆ ಹಳ್ಳಿಯಲ್ಲಿ ತಲೆ ಇರುವವರೆಲ್ಲ ಅವನ ಕ್ಷೌರದ ಕುರ್ಚಿಗೆ ಬರಬೇಕು. ಕೂದಲು ಬಿಟ್ಟುಕೊಂಡು ಹಬ್ಬದ ನಮಾಜಿಗೆ ಹೋಗುವುದುಂಟೇ? ಇನ್ನೊಂದು ಅಂಗಡಿಯ ಕ್ಷೌರಿಕ ನಿನ್ನೆಯೇ ಬೀಗ ಜಡಿದು ತನ್ನೂರಿನ ಬಸ್ಸು ಹತ್ತಿದ್ದ.

ಆ ಕೈಗೆ ಇನ್ನೂ ಒಂದು ಶಿಕ್ಷೆ ಕಾದಿತ್ತು: ಹಬ್ಬದ ಸಿಹಿ, ದೊಡೋಲ್. ತೆಂಗಿನಹಾಲು, ಬೆಲ್ಲ, ಅಂಟಕ್ಕಿ ಹಿಟ್ಟು ಬಾಣಲೆಗೆ ಬಿದ್ದ ಮೇಲೆ ಒಂಬತ್ತು ಗಂಟೆ ಕಲಕುತ್ತಲೇ ಇರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಅದೂ ಬೆಂಕಿಯ ಮುಂದೆ, ಉಪವಾಸದ ಹೊಟ್ಟೆಯಲ್ಲಿ. ಯಾರು ಕಲಕಬೇಕೆಂಬುದನ್ನು ಅವನೂ ಹೆಂಡತಿಯ ತಮ್ಮ ಮಿಸ್ಬಾಹನೂ ಪ್ರತಿವರ್ಷ ಜೇಡಗಳ ಕಾಳಗದಲ್ಲಿ ತೀರ್ಮಾನಿಸುತ್ತಿದ್ದರು. ಸೋತ ಜೇಡದ ಯಜಮಾನನಿಗೆ ಕಲಕುವ ಮರದ ಹುಟ್ಟು. ಆರು ವರ್ಷದಿಂದ ಹುಟ್ಟು ಸಿದೇಕನ ಕೈಯಲ್ಲೇ ಇತ್ತು.

ಈ ವರ್ಷ ಹಾಗಾಗಬಾರದೆಂದು ಮೂರು ದಿನ ನಸುಕಿನ ಊಟವಾದ ಕೂಡಲೇ ಬೇಲಿಗೆ ನುಗ್ಗಿ, ಒಂದರ ಮೇಲೊಂದು ಅಂಟಿಕೊಂಡ ಎಲೆಗಳನ್ನೆಲ್ಲ ಬಿಡಿಸಿ ನೋಡಿದ್ದ. ಮೂರನೆಯ ದಿನ ಬೇಕಾದಂಥ ಜೇಡ ಸಿಕ್ಕಿತು. ಕಪ್ಪು ಮೈ, ಬೆನ್ನಿಗೆ ನವಿಲುಗರಿಯಂಥ ನೀಲಿಹಸಿರು ಪಟ್ಟೆ, ಉದ್ದ ಮುಂಗಾಲು. ಪಂಗ್ಲಿಮಾ ಎಂದು ಹೆಸರಿಟ್ಟ, ಸೇನಾಪತಿ ಅಂತ. ಹಸಿ ಎಲೆಯೊಂದರ ಜೊತೆ ಬೆಂಕಿಪೆಟ್ಟಿಗೆಯಲ್ಲಿ ಮಲಗಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸೇನಾಪತಿಗೆ ರೋಷ ಏರಲಿ ಎಂದು ಅವನನ್ನು ಅಂಗಡಿಯ ಕನ್ನಡಿಯ ಮುಂದೆ ಬಿಟ್ಟ. ನಿನ್ನೆ ಇಡೀ ದಿನ, ಇವತ್ತು ಬೆಳಗ್ಗೆ ಏಳರಿಂದ ಮತ್ತೆ. ಇಲ್ಲಿ ಕತ್ತರಿ ಚಕಚಕ, ಅಲ್ಲಿ ಪಂಗ್ಲಿಮಾ ಮುಂಗಾಲು ಎತ್ತಿ ಕನ್ನಡಿಗೆ ಗುದ್ದು.

"ಗೆಲ್ತಾನೇನಪ್ಪಾ ನಿನ್ನ ಹೀರೋ?" ಕುರ್ಚಿಯಲ್ಲಿದ್ದ ಮುದುಕ ಕೇಳಿದ.

"ನೋಡಿ ತಾತ, ಒಂದ್ ಹೆಜ್ಜೆ ಹಿಂದೆ ಇಟ್ಟಿಲ್ಲ."

"ಎದುರಿನೋನೂ ಇಟ್ಟಿಲ್ವಲ್ಲೋ."

ಸಿದೇಕ ನಕ್ಕು ಮುದುಕನ ತಲೆ ಬಗ್ಗಿಸಿದ.

ಹತ್ತು ಗಂಟೆಗೆ ಮಿಸ್ಬಾಹ ಬಂದ. ಚೆನ್ನಾಗಿ ನಿದ್ದೆ ಮಾಡಿದ ಮುಖ, ಹೆಗಲು ಮುಟ್ಟುವ ಕೂದಲು.

"ಭಾವ, ಈ ಅಖಾಡದಿಂದ ಹೊರಗೆ ಹೋಗೋಕೆ ಇರೋದು ಒಂದೇ ದಾರಿ. ಅದು ಸೀದಾ ನಮ್ಮಕ್ಕನ ಒಲೆ ಹತ್ರ ಹೋಗತ್ತೆ."

"ಡೈಲಾಗ್ ಆಮೇಲೆ ಹೊಡಿ. ಪೆಟ್ಟಿಗೆ ತೆಗಿ."

ಮಿಸ್ಬಾಹನ ಪೆಟ್ಟಿಗೆಯಿಂದ ಹೊರಬಂದದ್ದನ್ನು ನೋಡಿ ಸಿದೇಕನಿಗೆ ಹೋದ ಜೀವ ಬಂದಂತಾಯಿತು. ಮಾಸಿದ ಬಣ್ಣ, ಏಳೇ ಕಾಲು.

"ಇದೇನೋ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿಸ್ಕೊಂಡು ಬಂದ್ಯಾ?"

ಎರಡನ್ನೂ ಮರದ ಹಲಗೆಯ ಮೇಲೆ ಎದುರುಬದುರು ಬಿಟ್ಟರು. ಏಳು ಕಾಲಿನದು ಮುಂಗಾಲು ಎತ್ತಿತು. ಪಂಗ್ಲಿಮಾನೂ ಎತ್ತಿದ. ಅದು ಒಂದು ಹೆಜ್ಜೆ ಮುಂದೆ ಬಂತು. ಪಂಗ್ಲಿಮಾ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಎತ್ತಿದ ಕಾಲುಗಳನ್ನು ನಿಧಾನವಾಗಿ ಇಳಿಸಿ, ಹಿಂದೆ ತಿರುಗಿ, ತಾನಾಗಿಯೇ ಬೆಂಕಿಪೆಟ್ಟಿಗೆ ಹೊಕ್ಕು ಎಲೆಯ ಕೆಳಗೆ ಸೇರಿಕೊಂಡ.

ಮಿಸ್ಬಾಹ ಬಗ್ಗಿ ಪೆಟ್ಟಿಗೆಯೊಳಗೆ ಇಣುಕಿದ. "ಏನ್ ಭಾವ, ಫೈಟೇ ಇಲ್ದೆ ಕ್ಲೈಮ್ಯಾಕ್ಸಾ?"

ಸಿದೇಕ ಕನ್ನಡಿಯನ್ನು ನೋಡಿದ. ಕಾಲು ಎತ್ತಿದಾಗಲೆಲ್ಲ ತಾನೂ ಎತ್ತುವವನು, ಎಷ್ಟು ಹೊಡೆದರೂ ಓಡದವನು. ಅಂಥವನ ಜೊತೆ ನಿನ್ನೆಯಿಂದ ಸೆಣಸಿದ ಪ್ರಾಣಿಗೆ ಇನ್ನು ಎದುರಿಗೆ ಯಾರು ನಿಂತರೂ ಒಂದೇ. ಮುದುಕ ಹೇಳಿದ್ದು ಆಗ ಕಿವಿಗೆ ಬಿದ್ದಿತ್ತಷ್ಟೇ, ಈಗ ತಲೆಗೆ ಹೋಯಿತು. ಕನ್ನಡಿಯೊಳಗೆ ಕಣ್ಣು ಗುಳಿಬಿದ್ದ ಒಬ್ಬ ಬಾಚಣಿಗೆ ಹಿಡಿದು ಅವನನ್ನೇ ನೋಡುತ್ತಿದ್ದ.

"ಸೋತೆ. ಹನ್ನೊಂದಕ್ಕೆ ಒಲೆ ಹಚ್ತಾಳೆ ನಿಮ್ಮಕ್ಕ. ಹೋಗ್ತೀನಿ."

"ಅದಕ್ಕೆ ಮುಂಚೆ ನನ್ ತಲೆ ನೋಡಿ. ಹಬ್ಬದ ಕಟಿಂಗು, ಚೆನ್ನಾಗಿರ್ಬೇಕು." ಮಿಸ್ಬಾಹ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ.

ಸಿದೇಕ ಎಡಭಾಗದಿಂದ ಶುರು ಮಾಡಿದ. ಕಿವಿಯ ಮೇಲೆ, ಹಿಂದೆ, ನೆತ್ತಿಯ ಅರ್ಧ. ಬಲಭಾಗಕ್ಕೆ ಬರುವಾಗ ಕೈ ಮೇಲೇಳಲಿಲ್ಲ. ಇನ್ನೊಮ್ಮೆ ಎತ್ತಿ ನೋಡಿದ. ಭುಜದವರೆಗೂ ಬಾರದೆ ಕೆಳಗೆ ಬಿತ್ತು. ಕತ್ತರಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ.

"ಆಯ್ತಾ ಭಾವ?"

"ಅರ್ಧ ಆಯ್ತು."

ಮಿಸ್ಬಾಹ ಕಣ್ಣು ಬಿಟ್ಟ. ಕನ್ನಡಿಯಲ್ಲಿ ಒಂದು ಕಡೆ ಸರ್ಕಾರಿ ನೌಕರ, ಇನ್ನೊಂದು ಕಡೆ ಕಾಡುಗಳ್ಳ.

"ತಮಾಷೆ ಸಾಕು. ಮುಗಿಸಿ."

"ತಮಾಷೆ ಅಲ್ಲ ಕಣೋ, ಕೈ ಏಳ್ತಿಲ್ಲ." ಅದು ನಿಜವೇ ಆಗಿತ್ತು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಏನೋ ಹೊಳೆಯಿತು. "ಮೊದ್ಲು ದೊಡೋಲ್ ಕಲಕಿ ಬರ್ತೀನಿ, ಒಂಬತ್ತು ಗಂಟೆ. ಅಷ್ಟೊತ್ತಿಗೆ ಈ ಕೈ ಉಳಿದಿದ್ರೆ ನಿನ್ನ ಇನ್ನರ್ಧ ಮಾಡ್ತೀನಿ. ಉಳೀದಿದ್ರೆ ನಾಳೆ ನಮಾಜಿಗೆ ಟೋಪಿ ಸ್ವಲ್ಪ ಓರೆಯಾಗಿ ಹಾಕ್ಕೋ."

"ಇದು ಮೋಸ."

"ಗೆದ್ದೋನು ನೀನು. ನಾನೇನಾದ್ರೂ ಇಲ್ಲ ಅಂದ್ನಾ?"

ಮಿಸ್ಬಾಹ ಎರಡು ಕಡೆಗೂ ತಲೆ ತಿರುಗಿಸಿ ನೋಡಿಕೊಂಡ. ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ ಎದ್ದು ಸೀದಾ ಅಕ್ಕನ ಹಿತ್ತಲಿಗೆ ನಡೆದ. ಸಿದೇಕ ಬೆಂಕಿಪೆಟ್ಟಿಗೆ ಎತ್ತಿಕೊಂಡು ಹಿಂದೆಯೇ ಹೊರಟ.

ರೊಕಿಯಾ ತಮ್ಮನ ತಲೆ ನೋಡಿದಳು, ಗಂಡನ ಕೈ ನೋಡಿದಳು. ಹುಟ್ಟನ್ನು ತಮ್ಮನ ಕೈಗೆ ಕೊಟ್ಟಳು.

ಸಿದೇಕ ಬೇಲಿಯ ಹತ್ತಿರ ಹೋಗಿ ಬೆಂಕಿಪೆಟ್ಟಿಗೆ ತೆರೆದ. ಪಂಗ್ಲಿಮಾ ಕೂಡಲೇ ಹೊರಬರಲಿಲ್ಲ. ಅವನೂ ಅವಸರ ಮಾಡಲಿಲ್ಲ. ಪೆಟ್ಟಿಗೆಯನ್ನು ಎಲೆಗಳ ನಡುವೆ ಸಿಕ್ಕಿಸಿ, ನೆರಳಿನಲ್ಲಿ ಗೋಡೆಗೆ ಒರಗಿ ಕುಳಿತ.

"ಭಾವ, ಎಷ್ಟು ಹೊತ್ತಾಯ್ತು?" ಹೊಗೆಯೊಳಗಿಂದ ಮಿಸ್ಬಾಹ ಕೂಗಿದ.

"ಇನ್ನೂ ಹತ್ತೇ ನಿಮಿಷ ಆಗಿರೋದು ಕಣೋ," ಎಂದ ಸಿದೇಕ, ಕಣ್ಣು ಮುಚ್ಚಿಕೊಂಡು.