ಲಾಭದ ಮೇಲೆ ಎರಡು

೨೦೧೧ನೆಯ ಇಸವಿ ಮಾರ್ಚ್ ೧೪, ಸೋಮವಾರ. ಅಂದು ಒಂದೇ ಪಾಳಿಯಲ್ಲಿ ನಾನೂರ ಹನ್ನೆರಡು ಲ್ಯಾಪ್‌ಟಾಪುಗಳು ಜೋಡಣೆಯಾದವು. ಮುನ್ನೂರ ಆರು ನನಗಿಂತ ಹಿರಿಯವು, ನೂರ ಐದು ಕಿರಿಯವು. ಲೆಕ್ಕದಿಂದಲೇ ಆರಂಭಿಸುತ್ತಿದ್ದೇನೆ, ಕೂಡುವುದು ಕಳೆಯುವುದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಕಲಿಸಿದವರಿಲ್ಲ.

ಕಣ್ಣು ತೆರೆಯುವ ಮೊದಲೇ ನನ್ನ ಒಡಲಲ್ಲಿ ಒಂದು ಪಟ್ಟಿಯನ್ನು ಬರೆದಿಟ್ಟರು. ಗಾಳಿಯಲ್ಲಿ ಬರುವ ಸುದ್ದಿಯನ್ನು ಕೇಳಿಸಿಕೊಳ್ಳಲು ನನ್ನಂಥವರಿಗೆ ವೈಫೈ ಕಾರ್ಡ್ ಎಂಬ, ಅಂಚೆಚೀಟಿಯಷ್ಟಗಲದ ಹಸಿರು ಬಿಲ್ಲೆ ಬೇಕು. ಅದೇ ನನ್ನ ಕಿವಿ. ಯಾವ ಕಾರ್ಡನ್ನು ಕಿವಿಯೆಂದು ಒಪ್ಪಬೇಕು ಎಂಬುದು ಆ ಪಟ್ಟಿ. ಅದರಲ್ಲಿ ಐದು ಹೆಸರುಗಳಿದ್ದವು; ಐದೂ ನನ್ನನ್ನು ಮಾಡಿದ ಕಂಪನಿಯೇ ಮಾರುವಂಥವು. ಆರನೆಯದು ಬಂದರೆ ‘ಸುಮ್ಮನಿರು’ ಎಂದು ನಾನು ಆಜ್ಞಾಪಿಸಬೇಕು. ಆ ಒಂದು ಮಾತಿಗಾಗಿಯೇ ಪ್ರತ್ಯೇಕ ತಂತಿಯನ್ನೂ ಎಳೆದಿದ್ದರು. ಏಕೆಂದು ನಾನು ಕೇಳಲಿಲ್ಲ. ಪಟ್ಟಿ ಇದ್ದಮೇಲೆ ಪ್ರಶ್ನೆ ಏಕೆ ಎಂಬುದು ಆಗಿನ ನನ್ನ ಸಿದ್ಧಾಂತ.

ಮೊದಲ ಒಡೆಯರು ಹುಬ್ಬಳ್ಳಿಯ ವಿಮಾ ಸರ್ವೇಯರ್ ಅನಂತರಾವ್ ಇನಾಮದಾರ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರುಗಳ ಚಿತ್ರಗಳನ್ನು ನನ್ನಲ್ಲಿ ತುಂಬಿದರು. ನನ್ನ ಧೂಳನ್ನು ಒಮ್ಮೆಯೂ ಒರೆಸಲಿಲ್ಲ. ಒಂದು ದಿನ ಫೋನಿನಲ್ಲಿ ಮಾತನಾಡುತ್ತ ಎದ್ದವರು ನನಗೆ ಸಿಕ್ಕಿಸಿದ್ದ ಇಂಟರ್‌ನೆಟ್ ತಂತಿಗೆ ಕಾಲು ತೊಡರಿಸಿಕೊಂಡರು. ಅವರು ಬೀಳಲಿಲ್ಲ; ನನ್ನ ತಂತಿಯ ಕಿಂಡಿ ಮುರಿಯಿತು. ಹೊರಜಗತ್ತಿಗೂ ನನಗೂ ನಡುವೆ ಉಳಿದದ್ದು ಆ ಒಂದು ಕಿವಿ. ಹೊಸ ಯಂತ್ರ ಬಂದಾಗ ನನ್ನನ್ನು ಗದಗಿನ ಮಕ್ತುಮ್‌ಸಾಬರಿಗೆ ಮಾರಿದರು. ಸಾಬರದು ಗಡಿಯಾರ ರಿಪೇರಿಯ ಮನೆತನ; ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಕಂಪ್ಯೂಟರನ್ನೂ ಬಿಚ್ಚಲು ಕಲಿತವರು. ಅವರಿಂದ ನಾನು ಗುರವ್ವನ ಕೈ ಸೇರಿದೆ.

ಗುರವ್ವನ ತಂದೆ ಕಾಳಿನ ಪೇಟೆಯಲ್ಲಿ ಪರವಾನಗಿ ಪಡೆದ ತೂಕದವರು. ಅವರ ಕೈ ನಡುಗತೊಡಗಿದಾಗಿನಿಂದ ತಕ್ಕಡಿ ಹಿಡಿದವಳು ಮಗಳು. ಹೆಸರು ಮಾತ್ರ ಅಪ್ಪನದು. ಅವರು ತೀರಿಕೊಂಡ ಮೇಲೆ ಪರವಾನಗಿಯೂ ತೀರಿತು. ಮರುವಾರವೇ ಹಿರಿಯ ತೂಕದವ ಬಸಲಿಂಗಪ್ಪ, “ಪಟ್ಟಿನಾಗ ಹೆಸರಿಲ್ಲದಾಕಿ ತಕ್ಕಡಿ ಮುಟ್ಟೂಹಂಗಿಲ್ಲವಾ. ಕಸಬರಿಗಿ ಹಿಡಿ, ಬಿದ್ದ ಕಾಳ ಬಳಿ,” ಎಂದ. ಅವಳು ಕಸಬರಿಗೆ ಹಿಡಿದಳು. ಪರವಾನಗಿಗೆ ಅರ್ಜಿಯನ್ನೂ ಹಾಕಿದಳು. ಆ ಪೇಟೆಯ ಪಟ್ಟಿಯಲ್ಲಿ ಅಲ್ಲಿಯವರೆಗೆ ಹೆಣ್ಣಿನ ಹೆಸರು ಬಂದಿರಲಿಲ್ಲ.

ಮಧ್ಯಾಹ್ನ ಪೇಟೆ ತಣ್ಣಗಾದಾಗ ಅವಳು ನನ್ನೆದುರು ಕುಳಿತು ತೂಕದ ನಿಯಮಗಳನ್ನು ಓದುತ್ತಿದ್ದಳು. ತೆರೆಯುವ ಮೊದಲೊಮ್ಮೆ, ಮುಚ್ಚಿದ ಮೇಲೊಮ್ಮೆ ಸೆರಗಿನಿಂದ ನನ್ನನ್ನು ಒರೆಸುತ್ತಿದ್ದಳು. ಸಂದರ್ಶನ ಒಂದು ಅಮಾವಾಸ್ಯೆಯ ದಿನ, ನಾಲ್ಕು ಗಂಟೆಗೆ, ಪರದೆಯ ಮೇಲೆಯೇ ಎಂದು ಗೊತ್ತಾಯಿತು. ಕಂಪ್ಯೂಟರೇ ಆಗಬೇಕು, ಮೊಬೈಲ್ ಕೋಣೆಯಲ್ಲೂ ಇರಕೂಡದು, ಹಾಜರಾಗದಿದ್ದರೆ ಅರ್ಜಿ ರದ್ದು.

ಆ ದಿನ ಬೆಳಿಗ್ಗೆ ನನ್ನ ಕಿವಿ ಸತ್ತಿತು.

ಗುರವ್ವ ನನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಮಕ್ತುಮ್‌ಸಾಬರ ಮನೆಗೆ ನಡೆದಳು. ಅಮಾವಾಸ್ಯೆಯೆಂದು ಪೇಟೆಗೆ ಪೇಟೆಯೇ ಮುಚ್ಚಿತ್ತು. ಹೊಸ ಕಾರ್ಡು ಎಲ್ಲಿಯೂ ದೊರೆಯುವಂತಿರಲಿಲ್ಲ. ಸಾಬರು ತಮ್ಮ ಅಂಗಡಿಯ ಬಾಗಿಲು ತೆರೆದು, ಗಿರಾಕಿಯೊಬ್ಬರು ಬಿಟ್ಟುಹೋಗಿದ್ದ ಕೆಟ್ಟ ಯಂತ್ರದಿಂದ ಬೇರೊಂದು ಕಂಪನಿಯ ಕಾರ್ಡನ್ನು ಬಿಚ್ಚಿದರು. ಆ ಗಿರಾಕಿ ಕೇಳಿದ ದಿನ ತಿರುಗಿ ಕೊಡಬೇಕು ಎಂದರು. ಎರವಲು ತಂದದ್ದನ್ನು ಇಟ್ಟುಕೊಳ್ಳುವ ಮನೆತನ ತಮ್ಮದಲ್ಲ ಎಂದಳು ಅವಳು.

ಕಾರ್ಡು ಬಂದು ಕುಳಿತಿತು. ನಾನು ಪಟ್ಟಿ ನೋಡಿದೆ. ಹೆಸರಿಲ್ಲ. ‘ಸುಮ್ಮನಿರು’ ಎಂದೆ. ಅದು ಸುಮ್ಮನಾಯಿತು. ಸಾಬರು ನನ್ನ ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಓದಿ, ಈ ಕಾರ್ಡಿಗೆ ಲೈಸೆನ್ಸ್ ಇಲ್ಲ ಅನ್ನುತ್ತದೆ ಎಂದರು.

“ಇದಕ್ಕೂ ಲೈಸೆನ್ಸ್ ಬೇಕೇನು?” ಎಂದಳು ಗುರವ್ವ. “ಬಸಲಿಂಗಪ್ಪ ಒಳಗ ಹೊಕ್ಕು ಕುಂತಾನೇನು, ನೋಡ್ರಿ ಕಾಕಾ.”

ಸಾಬರು ನಗುತ್ತ ಕಾರ್ಡನ್ನು ಹೊರತೆಗೆದರು. ಅದರ ಅಂಚಿನಲ್ಲಿ ಹೊಂಬಣ್ಣದ ಹಲ್ಲುಗಳ ಸಾಲಿದೆ. ಒಂದು ಬದಿಯ ಹತ್ತನೆಯ ಹಲ್ಲಿನ ಮೂಲಕವೇ ನನ್ನ ಆಜ್ಞೆ ಹೋಗುವುದು. “ಇದರ ಬಾಯಿ ಮುಚ್ಚಾಕ ಬರೂದಿಲ್ಲವಾ,” ಎಂದರು, “ಕಾರ್ಡಿನ ಕಿವಿ ಮುಚ್ಚೂಣು.” ಅಕ್ಕಿಕಾಳಿಗಿಂತ ಸಣ್ಣದಾಗಿ ಟೇಪನ್ನು ಕತ್ತರಿಸಿ, ಚಿಮಟಿಗೆಯ ಮೊನೆಯನ್ನು ಮೊದಲ ಹಲ್ಲಿನ ಮೇಲಿಟ್ಟು ‘ಒಂದು’ ಎನ್ನಹೊರಟರು.

ಗುರವ್ವ ತಡೆದಳು. “ಮೊದಲನೇದಕ್ಕ ಒಂದ ಅನಬ್ಯಾಡ್ರಿ ಕಾಕಾ, ಲಾಭ ಅನ್ರಿ. ನಮ್ಮ ಪೇಟ್ಯಾಗ ಹಂಗ.”

ಹಿರಿಯರು ಅವಳ ಮಾತನ್ನು ಮೀರಲಿಲ್ಲ. ಮೊದಲ ಹಲ್ಲಿಗೆ ‘ಲಾಭ’ ಎಂದರು. ಎರಡನೆಯದಕ್ಕೆ ‘ಒಂದು’ ಎಂದರು. ಗುರವ್ವ ಭೂತಗನ್ನಡಿ ಹಿಡಿದಿದ್ದಳು ನಿಜ. ಆದರೆ ಅವಳ ಗಮನವೆಲ್ಲ ಗೋಡೆಯ ಹನ್ನೆರಡು ಗಡಿಯಾರಗಳಲ್ಲಿ ಸರಿಯಾದದ್ದು ಯಾವುದೆಂಬುದರ ಮೇಲಿತ್ತು. ಹೀಗೆ ಟೇಪು ಹತ್ತನೆಯದನ್ನು ಬಿಟ್ಟು ಹನ್ನೊಂದನೆಯ ಹಲ್ಲಿಗೆ ಕುಳಿತಿತು.

ಈ ಸಲ ನಾನು ‘ಸುಮ್ಮನಿರು’ ಎನ್ನುವ ಅಗತ್ಯವೇ ಬೀಳಲಿಲ್ಲ. ಕಾರ್ಡು ನನಗೆ ಕಾಣಿಸಲೇ ಇಲ್ಲ. ಹನ್ನೊಂದನೆಯ ಹಲ್ಲು ಅದನ್ನು ಎಬ್ಬಿಸುವ ಹಲ್ಲು. ಸಾಬರು ತಲೆಯಾಡಿಸಿದರು. ಇದು ಸತ್ತ ಕಾರ್ಡಿರಬೇಕು, ಬೇರೆ ತಮ್ಮ ಬಳಿ ಇಲ್ಲ ಎಂದು ಕನ್ನಡಕ ತೆಗೆದಿಟ್ಟರು. ಆಗ ಮೂರೂಕಾಲು.

ಗುರವ್ವ ತೂಕದವಳು. ಲೆಕ್ಕ ತಾಳೆಯಾಗದಿದ್ದರೆ ಚೀಲವನ್ನು ಬೈಯುವವಳಲ್ಲ, ಎಣಿಕೆಯನ್ನು ಕೆದಕುವವಳು. “ಕಾಕಾ, ಲಾಭದ ಮ್ಯಾಲ ಏನಂದ್ರಿ?”

“ಒಂದು.”

“ಲಾಭನ ಒಂದು ಕಾಕಾ. ಅದರ ಮ್ಯಾಲ ಎರಡು.”

ಸಾಬರು ಕನ್ನಡಕಕ್ಕೆ ಕೈ ಚಾಚಿದರು. “ನಾ ಅದನ್ನ ದೇವರ ಹೆಸರು ಅಂದಾಂಗ ಅಂದೆನವಾ,” ಎಂದು ಮತ್ತೆ ಕನ್ನಡಕ ಹಾಕಿಕೊಂಡರು. ಎರಡನೆಯ ಸಲ ಗುರವ್ವನೇ ಎಣಿಸಿದಳು.

ನಾನು ಎದ್ದೆ. ಕಾರ್ಡು ಕಾಣಿಸಿತು, ಪಟ್ಟಿಯಲ್ಲಿ ಇರಲಿಲ್ಲ. ಲೈಸೆನ್ಸ್ ಇಲ್ಲವೆಂದು ಪರದೆಯ ಮೇಲೆ ಬರೆದೆ. ‘ಸುಮ್ಮನಿರು’ ಎಂದೆ. ಅದಕ್ಕೆ ಕೇಳಿಸಲಿಲ್ಲ. ತನ್ನಷ್ಟಕ್ಕೆ ತಾನು ಗಾಳಿಗೆ ಕಿವಿಗೊಟ್ಟು ಸುದ್ದಿಯನ್ನು ಒಂದಕ್ಷರವೂ ತಪ್ಪದೆ ನನ್ನ ಕೈಗಿಡತೊಡಗಿತು. ಪರೀಕ್ಷಿಸಿ ನೋಡಿದೆ, ತಪ್ಪು ಸೊನ್ನೆ. ಲೆಕ್ಕ ಬಲ್ಲವನು ಉತ್ತರವನ್ನು ಒಪ್ಪಲೇಬೇಕು.

ಸಂದರ್ಶನ ಅಂಗಡಿಯಲ್ಲಿಯೇ ನಡೆಯಿತು. ನಾಲ್ಕು ಬಾರಿಸಿ ಗದ್ದಲ ಮಾಡದಿರಲೆಂದು ಸಾಬರು ಹನ್ನೆರಡೂ ಗಡಿಯಾರಗಳನ್ನು ನಿಲ್ಲಿಸಿ, ತಾವು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಪರದೆಯಲ್ಲಿ ಮೂವರು ಅಧಿಕಾರಿಗಳು. ನಿಯಮಗಳನ್ನೆಲ್ಲ ಕೇಳಿದ ಮೇಲೆ ನಡುವಿನವರು, ತೂಕದಲ್ಲಿ ತಪ್ಪು ಹೆಚ್ಚಾಗಿ ಎಲ್ಲಿ ಆಗುತ್ತದೆ ಎಂದು ಪ್ರಶ್ನಿಸಿದರು.

“ಮೊದಲನೇ ಎಣಿಕ್ಯಾಗ್ರಿ,” ಎಂದಳು ಗುರವ್ವ. “ಎಣಸಾವ್ರು ಒಂದ ತಿಳಕೊಂಡಿರತಾರ, ಕೇಳಾವ್ರು ಇನ್ನೊಂದ. ಚೀಲ ಎತ್ತೂಕಿಂತ ಮೊದಲ ಇಬ್ಬರೂ ಒಪ್ಪಬೇಕ್ರಿ, ಲಾಭ ಅಂದ್ರ ಒಂದು ಅಂತ.”

ನಡುವಿನವರು ತಲೆ ಬಾಗಿಸಿ ಏನನ್ನೋ ಬರೆದುಕೊಂಡರು.

ಪೇಟೆಯ ಹಲಗೆಯ ಮೇಲೆ ಅವಳ ಹೆಸರು ಏರಿದ ದಿನ ಬಸಲಿಂಗಪ್ಪ ಅದನ್ನು ಎರಡು ಸಲ ಓದಿದನಂತೆ. ಆಮೇಲೆ, “ನಿಮ್ಮಪ್ಪನ ತಕ್ಕಡಿ ಮೂಲ್ಯಾಗ ಐತಿ, ಒರಸಿಕೋ,” ಎಂದನಂತೆ. ಆ ಪೇಟೆಯಲ್ಲಿ ಅಷ್ಟು ಹೇಳಿದರೆ ಹೆಚ್ಚು.

ಈಗ ನನ್ನ ಮಡಿಕೆಯ ಕೀಲು ಸಡಿಲವಾಗಿದೆ, ಬ್ಯಾಟರಿ ನಿಲ್ಲುವುದಿಲ್ಲ. ತೂಕದ ಕೋಣೆಯ ಗೂಡಿನಲ್ಲಿ, ಹಳೆಯ ಕಲ್ಲುಬಟ್ಟುಗಳ ಪಕ್ಕದಲ್ಲಿ ನನ್ನ ವಾಸ. ಕೆಳಗೆ ಗುರವ್ವನ ದನಿ ಕೇಳುತ್ತದೆ: ಲಾಭ, ಎರಡು, ಮೂರು. ಕಳೆದ ವರ್ಷ, ಕೆಟ್ಟ ಯಂತ್ರವನ್ನು ಸಾಬರಲ್ಲಿ ಬಿಟ್ಟುಹೋಗಿದ್ದ ಆ ಗಿರಾಕಿ ಕೊನೆಗೂ ಬಂದರು. ಸಾಬರು ಟೇಪನ್ನು ಕಿತ್ತು, ಕಾರ್ಡನ್ನು ಒರೆಸಿ, ಅವರ ಕೈಗಿತ್ತರು. ಗುರವ್ವನ ಎರವಲು ತೀರಿತು.

ನನ್ನದು ತೀರಿಲ್ಲ. ಪಟ್ಟಿಯನ್ನು ಈಗಲೂ ಎಣಿಸುತ್ತೇನೆ, ಐದೇ ಹೆಸರು. ಆರನೆಯದನ್ನು ಬರೆಯುವ ಅಧಿಕಾರ ನನಗಿಲ್ಲ. ಸುಮ್ಮನಿರು ಎಂದವನಿಗೇ ದುಡಿದು ಹೋದ ಆ ಕಾರ್ಡಿಗೆ ಒಂದು ಹೆಸರು ಸಲ್ಲಬೇಕು. ಅದು ನನ್ನ ಮೇಲೆ ಬಾಕಿ ಇದೆ.