ಮೊದಲು ನೀರು ಕುಡಿ

ಚಿಕ್ಕಮ್ಮನ ಕೆಲಸ ಹೋದ ಸಂಜೆ ಮನೆಯಲ್ಲಿ ನಗುವೋ ನಗು. ನಗಿಸುತ್ತಿದ್ದವಳು ಚಿಕ್ಕಮ್ಮನೇ.

ಹಜಾರದ ನಡುವೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಂಪನಿಯ ಸಿಬ್ಬಂದಿ ಮ್ಯಾನೇಜರ್ ಹೇಗೆ ಕೂತಿದ್ದ, ಹೇಗೆ ಕೆಮ್ಮಿದ, ಹೇಗೆ ಮೇಜಿನ ಅಂಚನ್ನೇ ನೋಡುತ್ತ ಮಾತಾಡಿದ ಎಂದು ಒಂದೂ ಬಿಡದೆ ಆಡಿ ತೋರಿಸುತ್ತಿದ್ದಳು. ಎದುರಿಗೆ ಚಿಕ್ಕಪ್ಪ ಮತ್ತು ಕಾಲೇಜು ಓದುವ ಮಗಳು. ಬಾಗಿಲಲ್ಲಿ, ಆಗಷ್ಟೇ ಕಚೇರಿಯಿಂದ ಬಂದು ಇನ್ನೂ ಚಪ್ಪಲಿ ಬಿಚ್ಚದ ಗುಬ್ಬಿ.

ಗುಬ್ಬಿ ಅನ್ನುವುದು ಮನೆಯವರು ಇಟ್ಟ ಹೆಸರು. ಚಿಕ್ಕಮ್ಮನ ತೀರಿಹೋದ ಅಕ್ಕನ ಮಗಳು ಅವಳು. ಬೆಳೆದದ್ದು, ಓದಿದ್ದು, ಎಲ್ಲ ಇದೇ ಮನೆಯಲ್ಲಿ. ಯಾರಾದರೂ ದಿಟ್ಟಿಸಿ ನೋಡಿದರೆ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಅಂಥವಳು ವಕೀಲಿಕೆ ಓದಿ, ಹತ್ತಾರು ದೇಶಗಳಲ್ಲಿ ಕಚೇರಿಯಿರುವ ದೊಡ್ಡ ವಕೀಲರ ಸಂಸ್ಥೆಯೊಂದಕ್ಕೆ ಸೇರಿದಾಗ ಚಿಕ್ಕಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು: "ಕಂಪನಿ ಕೊಳ್ಳಬೇಕಾ, ಮಾರಬೇಕಾ, ತೆರಿಗೆ ತಕರಾರಾ, ಎರಡು ದೇಶಗಳ ನಡುವಿನ ವ್ಯಾಜ್ಯಾನಾ, ನಮ್ಮ ಗುಬ್ಬಿ ಆಫೀಸಿಗೆ ಹೋಗಿ. ಅವರ ಹತ್ತಿರ ಇಲ್ಲದ ವಿದ್ಯೆ ಇಲ್ಲ!"

"'ಬನ್ನಿ. ನಿಮ್ಮ ಹುದ್ದೆ ಇವತ್ತಿಗೆ ಮುಗಿಯುತ್ತೆ' ಅಂದ," ಚಿಕ್ಕಮ್ಮ ದನಿ ದಪ್ಪ ಮಾಡಿದಳು. "ಕೂತ್ಕೊಳ್ಳೋಕೂ ಬಿಡಲಿಲ್ಲ ಕಣ್ರೀ! ನಾನಿನ್ನೂ ಅರ್ಧ ನಿಂತಿದ್ದೆ, ಅರ್ಧ ಕೂತಿದ್ದೆ."

"ಪೂರ್ತಿ ಕೂತಿದ್ರೆ ಕುರ್ಚಿ ಬೇರೆ ವಾಪಸ್ ಕೇಳಬೇಕಾಗಿತ್ತಲ್ಲಮ್ಮ, ಪಾಪ!" ಎಂದಳು ಮಗಳು.

ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು. ಗುಬ್ಬಿ ನಗಲಿಲ್ಲ. ಕೆಟ್ಟ ಸುದ್ದಿಯನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಬೇಕು. ಎದುರಿನವರಿಗೆ ಆಸೆ ಹುಟ್ಟಲು ಎಡೆ ಕೊಡಬಾರದು. ಇದು ಅವಳಿಗೆ ಗೊತ್ತಿದ್ದ ಸೂತ್ರ.

"ಆಮೇಲೆ ಏನಂದ ಗೊತ್ತಾ? 'ಇದು ನಿಮ್ಮ ಕೆಲಸದ ಮೇಲಿನ ತೀರ್ಪಲ್ಲ...'"

*ಸಂಸ್ಥೆಯ ಹೊಸ ರೂಪಕ್ಕೆ ಹೊಂದುವ ತೀರ್ಮಾನ.* ಗುಬ್ಬಿಯ ತುಟಿಗಳು ತಾವಾಗಿಯೇ ಅಲುಗಿದವು.

"'...ಸಂಸ್ಥೆಯ ಹೊಸ ರೂಪಕ್ಕೆ ಹೊಂದುವ ತೀರ್ಮಾನ.' ಅದೇನು ರೂಪವೋ, ಅದೇನು ಹೊಂದಾಣಿಕೆಯೋ!"

ಆ ವಾಕ್ಯ ಗುಬ್ಬಿಯೇ ಬರೆದದ್ದು.

ಅವಳ ಸಂಸ್ಥೆಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಯ ಗುಟ್ಟು ಹೊರಗೆ ಹೋಗಬಾರದೆಂದು ಪ್ರತಿ ಕೆಲಸಕ್ಕೂ ಒಂದು ಸುಳ್ಳು ಹೆಸರಿಡುತ್ತಿದ್ದರು. ಆ ಕೆಲಸದ ಹೆಸರು 'ಕೊಕ್ಕರೆ'. ಯಾವುದೋ ಪರದೇಶದ ಕಂಪನಿ ಯಾವುದೋ ಔಷಧಿ ಕಾರ್ಖಾನೆಯನ್ನು ಕೊಳ್ಳುತ್ತದೆ, ಕೆಲವು ವಿಭಾಗಗಳಿಗೆ ಯಂತ್ರ ಬರುತ್ತದೆ, ಅಲ್ಲಿನ ಜನರನ್ನು ಕಳಿಸಬೇಕು; ಮ್ಯಾನೇಜರುಗಳು ಏನು ಹೇಳಬೇಕು, ಏನು ಹೇಳಬಾರದು ಎಂದು ಬರೆದುಕೊಡು ಎಂದಿದ್ದರು ಅವಳ ಮೇಲಿನವರಾದ ಹಿರಿಯ ವಕೀಲೆ. ಗುಬ್ಬಿ ಬರೆದಳು. ಬಾಯಿಬಿಟ್ಟು ಮಾತಾಡಲು ನಾಚುವವಳಿಗೆ ಬೇರೆಯವರ ಬಾಯಿಗೆ ಮಾತು ಕೊಡುವುದು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಅವಳಿಗೇ ಬೆರಗಾಗಿತ್ತು. ಸಹಿ ಹಾಕಲು ಸಮಯ ಕೇಳಿದರೆ ಕೊಡಿ. ಕೇಳದಿದ್ದರೆ ಆ ಮಾತೇ ಎತ್ತಬೇಡಿ. ಕ್ಷಮೆ ಕೇಳಬೇಡಿ, ಅದು ತಪ್ಪೊಪ್ಪಿಗೆಯಾದೀತು. ಎಲ್ಲ ಮುಗಿದ ಮೇಲೆ, ಇದು ತೀರ ಒಣಗಿದೆ ಅನ್ನಿಸಿ, ಒಂದು ಸಾಲು ತನ್ನದೇ ಮನಸ್ಸಿನಿಂದ ಸೇರಿಸಿದ್ದಳು. ಅದನ್ನು ಓದಿ ಹಿರಿಯ ವಕೀಲೆ, "ನಮ್ಮ ಬೇರೆ ಯಾವ ಕಚೇರಿಗೂ ಇದು ಹೊಳೆದಿರಲಿಲ್ಲ. ಎಲ್ಲ ಕಡೆಗೂ ಕಳಿಸ್ತೀನಿ" ಎಂದಿದ್ದರು. ಗುಬ್ಬಿ ಆ ದಿನ ನೆಲದ ಮೇಲೆ ನಡೆದೇ ಇರಲಿಲ್ಲ.

ಆ ಸಾಲನ್ನು ಮಾತ್ರ ಇಲ್ಲಿ ಕೇಳುವುದು ಬೇಡ ಎಂದು ಅವಳು ಕಣ್ಣು ಮುಚ್ಚಿದಳು.

"ಆಮೇಲೆ ಒಂದು ಲೋಟ ಮುಂದಿಟ್ಟ," ಎಂದಳು ಚಿಕ್ಕಮ್ಮ. ಆಡಿ ತೋರಿಸುವುದನ್ನು ನಿಲ್ಲಿಸಿದ್ದಳು. "'ಮೊದಲು ನೀರು ಕುಡೀರಿ, ಮಾತೇನು ಓಡಿಹೋಗಲ್ಲ' ಅಂದ."

"ಅಯ್ಯೋ, ಅದು ನಿನ್ನ ಡೈಲಾಗ್ ಅಲ್ವೇನಮ್ಮ!" ಮಗಳು ಕೂಗಿದಳು.

"ಹೂಂ ಮತ್ತೆ! ಅಲ್ಲೀವರೆಗೂ ಗಟ್ಟಿಯಾಗೇ ಕೂತಿದ್ದೆ. ಆ ಒಂದು ಮಾತಿಗೆ ಅಳು ಬಂದ್ಬಿಡ್ತು. ಇವನ ತಾಯೀನೂ ನನ್ನ ಥರಾನೇ ಇರಬೇಕು, ಪಾಪ, ಮನೆಯಿಂದ ಕಲಿತು ಬಂದಿದಾನೆ ಅಂತ. ಅವನ ಮುಖ ನೋಡಿ, ಕೆಲಸ ಬಿಡೋ ಒಪ್ಪಂದದ ಕಾಗದಕ್ಕೆ ಅಲ್ಲೇ ಸಹಿ ಹಾಕೋಣ ಅಂತ ಪೆನ್ನೂ ತಗೊಂಡೆ. ಕನ್ನಡಕ ಒದ್ದೆಯಾಗಿತ್ತು, ಅಕ್ಷರ ಕಾಣಲಿಲ್ಲ. ನಮ್ಮ ವಿಭಾಗದ ಉಳಿದವರೆಲ್ಲ ಅಲ್ಲೇ ಹಾಕಿದ್ರು. ನಾಳೆ ಬೆಳಗ್ಗೆ ತರ್ತೀನಿ ಅಂದು ಬಂದೆ."

ಚಿಕ್ಕಮ್ಮನ ಕೆಲಸ ಕಣ್ಣಿನದು. ಔಷಧಿ ತುಂಬಿದ ಪುಟ್ಟ ಸೀಸೆಗಳನ್ನು ಪ್ರಖರ ದೀಪದ ಕೆಳಗೆ ಎತ್ತಿ ಹಿಡಿದು, ಮೊದಲು ಕಪ್ಪು ಹಲಗೆಯ ಮುಂದೆ, ಆಮೇಲೆ ಬಿಳಿ ಹಲಗೆಯ ಮುಂದೆ ತಿರುಗಿಸಿ, ಒಳಗೆ ಒಂದು ನೂಲಿನೆಳೆ ತೇಲಿದರೂ ಹಿಡಿದು ಪಕ್ಕಕ್ಕಿಡಬೇಕು. ಈಚೆಗೆ ಸಂಜೆಯಾದರೆ ಅವಳ ಕಣ್ಣು ಉರಿಯುತ್ತಿತ್ತು. ಕನ್ನಡಕ ದಪ್ಪಗಾಗುತ್ತ ಬಂದಿತ್ತು. ಆ ಕಾಗದಕ್ಕೆ ಸಹಿ ಬಿದ್ದರೆ ಕಣ್ಣಿನ ಹಾನಿಗಾಗಿ ಕಂಪನಿಯನ್ನು ಮುಂದೆಂದೂ ಕೇಳುವಂತಿಲ್ಲ. ಇದು ಗುಬ್ಬಿಗೆ ಗೊತ್ತಿತ್ತು. ಆ ಷರತ್ತು ಎಷ್ಟು ಜಾಣತನದಿಂದ ಎಲ್ಲೋ ನಡುವೆ ಕೂತಿದೆ ಎಂದು ಕಚೇರಿಯಲ್ಲಿ ಮೆಚ್ಚಿ ಮಾತಾಡಿಕೊಂಡದ್ದನ್ನೂ ಅವಳು ಕೇಳಿದ್ದಳು.

"ಯಾಕೆ ಯೋಚನೆ? ಮನೇಲೇ ವಕೀಲಮ್ಮ ಇದಾಳಲ್ಲ," ಎಂದು ಚಿಕ್ಕಪ್ಪ ಕಾಗದವನ್ನು ಅವಳತ್ತ ಚಾಚಿದರು. "ನೋಡೇ ಗುಬ್ಬಿ, ಸಹಿ ಹಾಕಬಹುದೋ ಬೇಡವೋ, ಒಂದೇ ಮಾತಲ್ಲಿ ಹೇಳ್ಬಿಡು. ದೇಶದೇಶದ ಕಂಪನಿಗಳಿಗೆ ಬುದ್ಧಿ ಹೇಳೋರು ನೀವು."

ಗುಬ್ಬಿ ಕಾಗದ ಮುಟ್ಟಲಿಲ್ಲ. "ಕೈ ತೊಳ್ಕೊಂಡು ಬರ್ತೀನಿ" ಎಂದವಳೇ ಅಡುಗೆಮನೆಗೆ ನುಸುಳಿದಳು. ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ಗಿರಾಕಿ ಕಂಪನಿ, ಚಿಕ್ಕಮ್ಮ ಎದುರು ಪಕ್ಷ. ಒಂದು ಮಾತು ಹೇಳಿದರೂ ನಂಬಿಕೆದ್ರೋಹ, ಕೆಲಸಕ್ಕೇ ಸಂಚಕಾರ. ಹೇಳದಿದ್ದರೆ ನಾಳೆ ಬೆಳಗ್ಗೆ ಸಹಿ ಬೀಳುತ್ತದೆ.

ಹಿಂದೆಯೇ ಚಿಕ್ಕಮ್ಮ ಬಂದಳು. "ಏನೇ, ಮುಖ ಹೀಗೆ ಬಿಳಿಚಿಕೊಂಡಿದೆ? ಕೆಲಸ ಹೋಗಿದ್ದು ನಂದು ಕಣೇ."

"ಚಿಕ್ಕಮ್ಮ, ಅದನ್ನ... ಬೇರೆ ವಕೀಲರ ಹತ್ತಿರ ತೋರಿಸಿ ಆಮೇಲೆ ತೀರ್ಮಾನ ಮಾಡು."

"ನೀನಿರೋವಾಗ ಬೇರೆಯವರು ಯಾಕೆ?"

"ನಾನು ನೋಡೋ ಹಾಗಿಲ್ಲ."

"ನೋಡೋ ಹಾಗಿಲ್ಲ ಅಂದ್ರೆ?"

ಗುಬ್ಬಿ ನಲ್ಲಿಯನ್ನೇ ನೋಡುತ್ತಿದ್ದಳು. ಚಿಕ್ಕಮ್ಮನ ದನಿ ಇಳಿಯಿತು.

"ಅವನೂ ಹೀಗೇ. ಮೇಜು ನೋಡ್ಕೊಂಡೇ ಮಾತಾಡಿದ."

ಅಷ್ಟು ಹೇಳಿ ಕನ್ನಡಕವನ್ನು ಮೇಲೇರಿಸಿ, ಗುಬ್ಬಿಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಶಾಲೆಯಿಂದ ಅಳುತ್ತ ಬಂದ ದಿನಗಳಲ್ಲೂ ಹೀಗೇ ತಿರುಗಿಸುತ್ತಿದ್ದಳು. ಆಮೇಲೆ ಲೋಟ ಬರುತ್ತಿತ್ತು, ಆಮೇಲೆ ಆ ಮಾತು.

"ನೀರಿನ ಮಾತು," ಎಂದಳು ಚಿಕ್ಕಮ್ಮ ಮೆಲ್ಲಗೆ. "ಅವನ ತಾಯಿದಲ್ಲ. ಅಲ್ವಾ?"

ಗುಬ್ಬಿಯ ಬಾಯಿ ತೆರೆಯಿತು.

"ಬೇಡ. ಹೇಳಬೇಡ," ಚಿಕ್ಕಮ್ಮ ತಟ್ಟನೆ ತಡೆದಳು. "ನೀನು ಹೇಳಿದ್ದು ನಾಳೆ ಯಾರಿಗಾದ್ರೂ ಗೊತ್ತಾದ್ರೆ ನಿನ್ನ ಕೆಲಸಕ್ಕೂ ಕುತ್ತು. ಇಬ್ಬರೂ ಮನೇಲಿ ಕೂತ್ಕೊಂಡು ಏನ್ಮಾಡೋಣ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸ ಕಳೆದುಕೊಂಡವಳು, ಗುಬ್ಬಿಯ ಕೆಲಸ ಉಳಿಯಲೆಂದು ಅವಳ ಬಾಯಿಗೆ ಅಡ್ಡ ಕೈ ಹಿಡಿಯುತ್ತಿದ್ದಾಳೆ. ಗುಬ್ಬಿಗೆ ತಾನು ಹಿಡಿಯಷ್ಟಾದಂತೆ ಅನ್ನಿಸಿತು.

"ಒಂದೇ ಕೇಳ್ತೀನಿ. ನಮ್ಮ ಕಾರ್ಖಾನೆ ಅಂತ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಕೊಕ್ಕರೆ ಎಂಬುದರ ಹಿಂದಿನ ಹೆಸರನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೆ 'ಕಣ್ಣಿನಿಂದ ತಪಾಸಣೆ ಮಾಡುವ ವಿಭಾಗ' ಎಂದು ಕಡತದಲ್ಲಿ ಓದಿದ ದಿನ ಅವಳ ಬೆರಳು ಒಂದು ಗಳಿಗೆ ನಿಂತಿತ್ತು. ಇಂಥ ಕಾರ್ಖಾನೆ ಜಗತ್ತಿನಲ್ಲಿ ಎಷ್ಟಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ತಾನು ಬರೆಯುತ್ತಿದ್ದ ಕೊನೆಯ ಸಾಲಿಗೆ ಹೋಗಿದ್ದಳು. ಆ ಸಾಲು ನೀರಿನದು.

"ಗೊತ್ತಿರಲಿಲ್ಲ," ಎಂದಳು. ಆಮೇಲೆ, ಚಿಕ್ಕಮ್ಮನ ಕಣ್ಣು ತನ್ನ ಮೇಲಿಂದ ಕದಲದ್ದನ್ನು ಕಂಡು, "ಕೇಳಬಹುದಿತ್ತು. ಕೇಳಲಿಲ್ಲ. ಸಹಿ ಹಾಕ್ಬೇಡ ಚಿಕ್ಕಮ್ಮ. ನಿನ್ನ ಕಣ್ಣಿನ ಲೆಕ್ಕ ಅದರಲ್ಲಿ ಮುಳುಗಿಹೋಗತ್ತೆ."

ಹೇಳಬಾರದ್ದು ಹೊರಗೆ ಬಿದ್ದಿತ್ತು. ಹಗುರಾಗಬೇಕಿತ್ತು, ಆಗಲಿಲ್ಲ. ಅಲ್ಲೇ ಸಹಿ ಹಾಕಿ ಎದ್ದುಹೋದ ಉಳಿದ ಹೆಂಗಸರ ಮುಂದೆಯೂ ಇಂದು ಒಂದೊಂದು ಲೋಟ ಇತ್ತು.

ಚಿಕ್ಕಮ್ಮ ಗದ್ದ ಬಿಟ್ಟಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಹಜಾರಕ್ಕೆ ನಡೆದಳು. "ನಾಳೆ ಸಹಿ ಹಾಕಲ್ಲ ಕಣ್ರೀ," ಎಂದದ್ದು ಒಳಗೆ ಕೇಳಿಸಿತು. "ಹೊರಗಿನ ವಕೀಲರು ಯಾರಿಗಾದ್ರೂ ತೋರಿಸ್ತೀನಿ. ಸಹಿ ಹಾಕಿದವರನ್ನೂ ಕರ್ಕೊಂಡು ಹೋಗ್ತೀನಿ."

"ಅಲ್ಲಾ, ಮನೇಲೇ ಅಷ್ಟು ದೊಡ್ಡ ಆಫೀಸಿನ..."

"ಅವರು ದೊಡ್ಡ ದೊಡ್ಡವರ ಕೆಲಸ ಮಾಡೋರು. ನಮ್ಮಂಥ ಸಣ್ಣ ವಿಷಯ ಅವಳಿಗೆ ಬರಲ್ಲ. ಬಿಡಿ."

"ಬರಲ್ವಾ?" ಚಿಕ್ಕಪ್ಪನ ದನಿ ಸಪ್ಪಗಾಯಿತು. ಅವರ ಗುಬ್ಬಿಗೆ ಬಾರದ್ದೂ ಒಂದಿದೆ ಎಂದು ಅವರು ಕೇಳಿದ್ದು ಇದೇ ಮೊದಲು.

ಊಟಕ್ಕೆ ಕೂತಾಗ ಎಲ್ಲರೂ ಬೇರೆ ಏನೇನೋ ಮಾತಾಡಿದರು. ಎರಡನೇ ತುತ್ತಿಗೇ ಗುಬ್ಬಿಗೆ ನೆತ್ತಿ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಚಿಕ್ಕಮ್ಮನ ಮಗಳು ಅವಳ ಬೆನ್ನು ಸವರುತ್ತ, "ಮೊದಲು ನೀರು ಕುಡಿ..." ಎಂದು ಶುರುಮಾಡಿ, ಉಳಿದರ್ಧವನ್ನು ಎಂದಿನಂತೆ ಅಮ್ಮ ಮುಗಿಸಲಿ ಎಂದು ನಗುತ್ತ ಅತ್ತ ನೋಡಿದಳು.

ಚಿಕ್ಕಮ್ಮ ಲೋಟವನ್ನು ಗುಬ್ಬಿಯ ಕೈಗೆಟುಕುವಂತೆ ಸರಿಸಿದಳು. ಚಿಕ್ಕಪ್ಪನ ತಟ್ಟೆಗೆ ಬಡಿಸುವುದು ಬಾಕಿಯಿತ್ತು; ಬಡಿಸಿದಳು.