ಊಟ ಆದ ಮೇಲೆ

ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ಆಂಬ್ರೋಸ್ ನನ್ನ ಭುಜ ತಟ್ಟಿ ಹೇಳಿದ್ದು ಒಂದೇ ಮಾತು. "ನಿನ್ನ ಫಾರ್ಮಿನ ವಿಷಯ ತಾನೆ ವೆನೀಶಿಯಾ, ಊಟ ಆದ್ಮೇಲೆ ಮಾತಾಡೋಣ." ನಾನು ನಂಬಿದೆ. ಹುಟ್ಟಿದಾಗಿನಿಂದ ಥಾರ್ನ್‌ಕೋಟ್ ಮನೆಯಲ್ಲೇ ಉಂಡವಳಿಗೆ ಆ ಮಾತಿನ ಅರ್ಥ ಗೊತ್ತಿರಬೇಕಿತ್ತು. ನಮ್ಮಲ್ಲಿ ಊಟ ಆದ ಮೇಲೆ ಅಂದರೆ ಗಂಡಸರಿಗೆ ಪೋರ್ಟ್ ವೈನು, ಹೆಂಗಸರಿಗೆ ಬಾಗಿಲು.

ಆಂಬ್ರೋಸ್ ನನ್ನ ಚಿಕ್ಕಪ್ಪನ ಮಗ, ಅಪ್ಪನ ನಂತರ ಈಗ ಅವನೇ ಅರ್ಲ್. ನನ್ನ ಅಣ್ಣ ಪಿಯರ್ಸ್ ಯುದ್ಧದಲ್ಲಿ ಸತ್ತ ದಿನವೇ ಅದು ತೀರ್ಮಾನವಾಗಿತ್ತು. ಬಿರುದು, ಮನೆ, ಭೂಮಿ ಎಲ್ಲವೂ ಗಂಡು ಸಂತಾನಕ್ಕೇ. ಅದಕ್ಕಾಗಿ ನಾನು ಅತ್ತವಳಲ್ಲ. ನನಗೆ ಬೇಕಾಗಿದ್ದದ್ದು ಹಿತ್ತಲಾಚೆಯ ಫಾರ್ಮು ಮಾತ್ರ. ಆಳುಗಳೆಲ್ಲ ಯುದ್ಧಕ್ಕೆ ಹೋದಾಗ ಅದನ್ನು ಎತ್ತಿ ನಿಲ್ಲಿಸಿದವಳು ನಾನು. ಹಿಮ ಬೀಳುವಾಗ ಹಸುವಿನ ಬಾಣಂತನ ಮಾಡಿದ್ದೇನೆ, ಟ್ರ್ಯಾಕ್ಟರಿನ ಕೆಳಗೆ ಮಲಗಿ ರಿಪೇರಿ ಮಾಡಿದ್ದೇನೆ. ಆಗೆಲ್ಲ ಆಂಬ್ರೋಸ್ ಲಂಡನ್ನಿನ ಕ್ಲಬ್ಬಿನಲ್ಲಿ ಕುದುರೆ ಜೂಜಿನ ಹರಟೆ ಹೊಡೆಯುತ್ತಿದ್ದ. ಫಾರ್ಮು ನಿನಗೇ ಎಂದು ಅಪ್ಪ ಬಾಯಲ್ಲಿ ಹೇಳಿದ್ದ, ಅಷ್ಟೆ. ಈಗ ಅದನ್ನು ನನಗೆ ಗೇಣಿಗೆ ಕೊಡುವುದೂ ಬಿಡುವುದೂ ಈ ಮಹಾರಾಯನ ಕೈಯಲ್ಲಿತ್ತು.

ಅಂದಿನ ಊಟಕ್ಕೆ ಅಮ್ಮ, ಆಂಬ್ರೋಸನ ಹೆಂಡತಿ ಮ್ಯೂರಿಯಲ್, ವಕೀಲ ಟ್ರಸ್ಕಾಟ್, ಪಕ್ಕದ ಜಮೀನಿನ ಕರ್ನಲ್ ಬ್ರೈಸ್ ಇದ್ದರು. ಸಾವಿನ ಮನೆಯ ಊಟಕ್ಕೆ ಕರ್ನಲ್‌ನನ್ನು ಯಾರು ಕರೆದರು ಎಂದು ನಾನು ಯೋಚಿಸಲಿಲ್ಲ. ಬೇಯಿಸಿದ ಕುರಿಮಾಂಸ ಬಂತು, ಪುಡಿಂಗ್ ಬಂತು. ಅಮ್ಮ ಎಂದಿನಂತೆ ಹೆಂಗಸರ ಕಣ್ಣು ಹುಡುಕಿ, ನಡುಮನೆಗೆ ಹೊರಡುವ ಸನ್ನೆ ಮಾಡಿ ಎದ್ದಳು. ಮ್ಯೂರಿಯಲ್ ಎದ್ದಳು. ನಾನು ಏಳಲಿಲ್ಲ.

"ವೆನೀಶಿಯಾ, ಕಾಫಿ," ಅಂದಳು ಅಮ್ಮ.

"ನೀನು ಕುಡೀತಾ ಇರಮ್ಮ. ಊಟ ಆದ್ಮೇಲೆ ಮಾತಾಡೋಣ ಅಂದಿದಾನೆ ಇವನು. ಊಟ ಆಯ್ತಲ್ಲ."

ಅಮ್ಮ ಮುಖ ಬಿಗಿದುಕೊಂಡು ಹೊರಟುಹೋದಳು. ಬಟ್ಲರ್ ಹ್ಯಾಲೆಟ್ ಪೋರ್ಟಿನ ಗಾಜಿನ ಹೂಜಿಯನ್ನು ಆಂಬ್ರೋಸನ ಮುಂದಿಟ್ಟು ಬಾಗಿಲು ಹಾಕಿಕೊಂಡು ಹೋದ.

"ಇಲ್ಲಿ ಬರೀ ಪೋಲಿ ಮಾತು ಕಣೇ," ಅಂದ ಆಂಬ್ರೋಸ್. "ನಿನ್ನ ಕಿವಿ ಕೆಡತ್ತೆ."

"ಹಸುಗಳಿಗೆ ಹೋರಿ ಬಿಡಿಸೋಳು ನಾನು. ಕೆಡೋಕೆ ಏನೂ ಉಳಿದಿಲ್ಲ. ಮಾತಾಡು."

ಅವನು ಗಲಿಬಿಲಿಯಲ್ಲಿ ತನ್ನ ಲೋಟ ತುಂಬಿಸಿಕೊಂಡು, ಅಭ್ಯಾಸಬಲದಿಂದ ಹೂಜಿಯನ್ನು ಎಡಕ್ಕೆ ತಳ್ಳಿದ. ಎಡಕ್ಕೆ ಇದ್ದವಳು ನಾನು. ಪೋರ್ಟ್ ಎಡಕ್ಕಷ್ಟೇ ಸಾಗಬೇಕು, ಹಿಂದಕ್ಕೆ ಬರುವಂತಿಲ್ಲ, ಕೊಡಿ ಎಂದು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ನಾನು ಹೂಜಿಯ ಕುತ್ತಿಗೆ ಹಿಡಿದು ಕೂತೆ. ಇವರ ಅಜ್ಜಂದಿರು ಮಾಡಿಟ್ಟ ನಿಯಮ, ಅನುಭವಿಸಲಿ.

ಕರ್ನಲ್ ಬ್ರೈಸ್ ಖಾಲಿ ಲೋಟ ತಿರುಗಿಸಿದ, ಕೆಮ್ಮಿದ. ಕೊನೆಗೆ, ಹೂಜಿ ದಾಟಿಸಲು ಮರೆತವರಿಗೆ ಸೂಚ್ಯವಾಗಿ ನೆನಪಿಸಲು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ. "ನಮ್ಮ ಬಿಷಪ್ಪರು ನಿಮಗೆ ಪರಿಚಯಾನಾ, ಲೇಡಿ ವೆನೀಶಿಯಾ?"

"ಪರಿಚಯಾನೇ. ಒಳ್ಳೇ ಮನುಷ್ಯ. ಬಾಯಾರಿದ್ರೆ ಬಾಯಿಬಿಟ್ಟು ಕೇಳ್ತಾರೆ."

ಕರ್ನಲ್‌ನ ಕಿವಿ ಕೆಂಪಾಯಿತು. ವಕೀಲನಿಗೆ ತಡೆಯಲಾಗಲಿಲ್ಲ. "ಇದನ್ನ ಎಳೆಯೋದು ಬೇಡ. ಫಾರ್ಮು ಕರ್ನಲ್ ಅವರಿಗೆ ಗೇಣಿಗೆ ಹೋಗಿಯಾಗಿದೆ. ನಿಮ್ಮ ತಾಯಿಯವರ ಇಷ್ಟದಂತೆಯೇ ಆಗಿದ್ದು."

"ಅಮ್ಮನ ಇಷ್ಟ?"

"ಅವರು ಈ ಮನೆ ಹೊಸ ಅರ್ಲ್‌ಗೆ ಬಿಟ್ಟುಕೊಟ್ಟು ಚರ್ಚಿನ ಪಕ್ಕದ ಸಣ್ಣ ಮನೆಗೆ ಹೋಗ್ತಾರಲ್ಲ. ಮಗಳು ಜೊತೆಗೆ ಬರ್ಬೇಕು, ಫಾರ್ಮು ಇದ್ರೆ ಅವಳು ಬರಲ್ಲ ಅಂದ್ರು."

ನಾನಿಲ್ಲಿ ಗಂಡಸರ ಮೇಲೆ ಹಲ್ಲು ಮಸೆಯುತ್ತ ಕೂತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹೂಜಿ ಎತ್ತಿಕೊಂಡೇ ನಡುಮನೆಗೆ ನಡೆದೆ.

ಅಮ್ಮ ನನ್ನ ಕೈ ನೋಡಿದಳು. "ಅದನ್ನ ಯಾಕೆ ತಂದೆ? ಹ್ಯಾಲೆಟ್ ಏನಂದ್ಕೋತಾನೆ?"

"ನನ್ನನ್ನ ಒಂದು ಮಾತು ಕೇಳಿದ್ಯಾ ನೀನು?"

ಅವಳಿಗೆ ಅರ್ಥವಾಯಿತು. ಸುಳ್ಳು ಹೇಳಲಿಲ್ಲ, ಅದೊಂದು ಗುಣ ಅವಳದು. "ಒಬ್ಬಳೇ ಹೇಗಿರಲಿ ನಾನು? ನಿನಗೆ ಗಂಡ ಇಲ್ಲ, ಮಕ್ಕಳಿಲ್ಲ. ಹಸು ನೋಡ್ಕೊಳ್ಳೋಕೆ ಯಾರಾದ್ರೂ ಸಿಗ್ತಾರೆ."

"ಕೇಳಿದ್ಯಾ ಅಂದೆ."

"ನನ್ನನ್ನ ಯಾರು ಕೇಳಿದ್ರು? ಈ ಮನೆಗೆ ಬಂದಾಗಿಂದ ಊಟದ ಮೇಜಿಂದ ಏಳೋ ಹೊತ್ತಿಗೆ ಎದ್ದಿದೀನಿ. ನಿಮ್ಮಪ್ಪ ಒಂದು ದಿನ ಕೂತ್ಕೋ ಅಂದಿಲ್ಲ."

ಅದು ನಿಜ. ನಿಜವಾದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು. ತನ್ನ ಕಾಲಿನ ಹಗ್ಗ ಬಿಚ್ಚಿಕೊಳ್ಳುವುದು ಬಿಟ್ಟು, ಅದರ ಇನ್ನೊಂದು ತುದಿಯನ್ನು ಅವಳು ನನ್ನ ಕಾಲಿಗೆ ಕಟ್ಟಿದ್ದಳು. ಆಂಬ್ರೋಸನಾದರೂ ಹೊರಗಿನವನು.

"ಡಾರ್ಸೆಟ್ ಕಡೆ ಒಂದು ಫಾರ್ಮಿಗೆ ಹಾಲು ಕರೆಯೋ ಆಳು ಬೇಕಂತೆ," ಅಂದೆ. "ಪೇಪರಲ್ಲಿತ್ತು. ನಾಳೆ ಹೊರಡ್ತೀನಿ."

"ಅರ್ಲ್ ಮಗಳು ಆಳಾಗಿ ಹೋಗ್ತಾಳಾ?"

"ಇಲ್ಲೂ ಆಳೇ ಆಗಿದ್ದೆ. ಸಂಬಳ ಇರ್ಲಿಲ್ಲ ಅಷ್ಟೆ."

ಮ್ಯೂರಿಯಲ್ ಕಾಫಿಯೊಳಗೆ ಮುಖ ಹುದುಗಿಸಿ ಕೂತಿದ್ದಳು. ಅಮ್ಮ ಬಟ್ಟಲು ಕೆಳಗಿಟ್ಟು ಅವಳ ಕಣ್ಣು ಹುಡುಕಿದಳು. ಮಲಗಲು ಹೊರಡುವ ಸನ್ನೆ ಅದು. ಮ್ಯೂರಿಯಲ್ ತಕ್ಷಣ ಎದ್ದಳು. ಆಮೇಲೆ ಅಮ್ಮ ಬಾಗಿಲ ಬಳಿ ನಿಂತು ನನ್ನ ಕಣ್ಣು ಹುಡುಕಿದಳು. ಬಹಳ ಹೊತ್ತು ಹುಡುಕಿದಳು.

ನಾನು ಅವಳ ಬಟ್ಟಲಿಗೇ ಪೋರ್ಟ್ ಸುರಿದುಕೊಂಡು ಕುಡಿಯುತ್ತ ಕೂತೆ.